ಗದಗಿನ ಜಿನ್ನಿಂಗ್ ಫ್ಯಾಕ್ಟರಿಯಿಂದ ಬಂದ ಲೇತ್: ಮೇ ತಿಂಗಳಿಂದ ಖಂಡೆಪೂಜೆವರೆಗೆ

2024ರ ಖಂಡೆಪೂಜೆಗೆ (ಆಯುಧಪೂಜೆಗೆ) ನನ್ನ ಹಳೇ ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಕಡಿದು ಆಕಾರ ಕೊಡುವ ಮಶೀನು, ತಯಾರಾಯಿತು. ಶುರು ಮಾಡಿದಾಗ ಎರಡು ತಿಂಗಳ ಕೆಲಸ ಅಂದುಕೊಂಡಿದ್ದೆ, ಐದು ತಿಂಗಳು ಹಿಡಿಯಿತು. ಅದರಲ್ಲಿ ಹತ್ತಿರ ಹತ್ತಿರ ಎರಡು ತಿಂಗಳು ನಾನೇ ಮಾಡಿದ ಎರಡು ತಪ್ಪು ಸರಿ ಮಾಡುವುದಕ್ಕೇ ಹೋಯಿತು. ನಮ್ಮ ಕಡೆ ಇಂಥ ಹಳೇ ಲೇತುಗಳು ದಿನಾ ಗುಜರಿಗೆ ಹೋಗ್ತಾ ಇವೆ. ಯಾರಾದರೂ ಒಂದನ್ನು ಉಳಿಸಿಕೊಳ್ಳುವ ಮನಸ್ಸು ಮಾಡಿದರೆ ನಾನು ಎಡವಿದ ಜಾಗದಲ್ಲಿ ಅವರು ಎಡವದಿರಲಿ ಅಂತ ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದನ್ನು ತಾರೀಖಿನ ಪ್ರಕಾರ ಬರೆಯುತ್ತಿದ್ದೇನೆ.

ಮೇ 5, 2024, ಭಾನುವಾರ

ಗದಗಿನಲ್ಲಿ ಬಾಗಿಲು ಹಾಕಿ ಎಷ್ಟೋ ವರ್ಷವಾದ ಒಂದು ಜಿನ್ನಿಂಗ್ (ಹತ್ತಿಯಿಂದ ಬೀಜ ಬಿಡಿಸುವ) ಫ್ಯಾಕ್ಟರಿಯ ರಿಪೇರಿ ಶೆಡ್ಡಿನಲ್ಲಿ ಈ ಲೇತ್ ಇತ್ತು. ನಾಲ್ಕೂವರೆ ಅಡಿ ಬೆಡ್ (ಎಲ್ಲಾ ಭಾಗ ಕೂರುವ ಉದ್ದ ತಳ), ವೇಗ ಬದಲಿಸಲು ಮೂರು ಮೆಟ್ಟಿಲಿನ ಕೋನ್ ಪುಲ್ಲಿ, ನಿಧಾನ ಓಡಿಸಲು ಬ್ಯಾಕ್ ಗೇರ್, ಅಗಲ ಪಟ್ಟಿ ಬೆಲ್ಟಿನಲ್ಲಿ ಓಡುವ ಮಶೀನು. ಮೋಟಾರ್ ಇರಲಿಲ್ಲ. ಗುಜರಿಯವರು ಅಷ್ಟರಲ್ಲೇ ಎರಡು ಡ್ರಿಲ್ಲಿಂಗ್ ಮಶೀನು ಒಡೆದು ಲಾರಿಗೆ ತುಂಬಿದ್ದರು. ಲೇತನ್ನು ತೂಕಕ್ಕೆ ಹಾಕಿದರೆ 480 ಕೆಜಿ. ಕೆಜಿಗೆ 38 ರೂಪಾಯಿ ರೇಟು. ಕಡಿಯುವ ತುಂಡನ್ನು ಹಿಡಿಯುವ ಮೂರು ದವಡೆಯ 8 ಇಂಚಿನ ಚಕ್ ಮತ್ತು ಒಂದು ಡಬ್ಬಿ ಚೇಂಜ್ ಗೇರ್ (ಸ್ಕ್ರೂ ಸುತ್ತು ಕಡಿಯುವಾಗ ಬದಲಿಸುವ ಗೇರ್) ಸೇರಿಸಿ 18,500ಕ್ಕೆ ಮುಗಿಸಿದೆವು.

ತರುವ ಮುಂಚೆ ಟೇಲ್ ಸ್ಟಾಕ್ (ತುಂಡಿನ ಹೊರ ತುದಿಗೆ ಆಸರೆ ಕೊಡುವ ಭಾಗ), ಸ್ಯಾಡಲ್ (ಕಡಿಯುವ ಹತಾರ ಹೊತ್ತು ಬೆಡ್ ಮೇಲೆ ಸರಿಯುವ ಭಾಗ) ಎರಡನ್ನೂ ಬಿಚ್ಚಿ ಬೇರೆ ಇಟ್ಟೆವು. ಲೇತಿನ ಭಾರವೆಲ್ಲ ಮೇಲೆ, ಅದೂ ಚಕ್ ತಿರುಗಿಸುವ ಹೆಡ್ ಸ್ಟಾಕ್ ಕಡೆ. ನಿಲ್ಲಿಸಿಯೇ ತಂದರೆ ತಿರುವಿನಲ್ಲಿ ಉರುಳೋದು ಗ್ಯಾರಂಟಿ. ಕಾಲು ಬಿಚ್ಚಿ, ಬೆಡ್ಡನ್ನು ಎರಡು ಮರದ ದಿಮ್ಮಿ ಮೇಲೆ ಕೂರಿಸಿ ಕಟ್ಟಿದೆವು. ಅಣ್ಣಿಗೇರಿ ಮೇಲಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಗಾಡಿ ಬಾಡಿಗೆ 3,500, ಎರಡೂ ಕಡೆ ಹಮಾಲಿ 1,600. ಹಳೇ ಹುಬ್ಬಳ್ಳಿಯ ನಮ್ಮ ಮನೆ ಹಿಂದಿನ ಶೆಡ್ಡಿಗೆ ಇಳಿಸುವಾಗ ರಾತ್ರಿ ಒಂಬತ್ತು.

ಮೇ 6ರಿಂದ 11

ಏನೂ ಬಿಚ್ಚಲಿಲ್ಲ. ಬರೀ ಫೋಟೋ ತೆಗೆದೆ, ಅಳತೆ ಬರೆದೆ. ಇದು ನಾನು ಮಾಡಿದ ಒಳ್ಳೇ ಕೆಲಸ, ಮುಂದೆ ಹತ್ತು ಸಲ ಉಪಯೋಗಕ್ಕೆ ಬಂತು. ಸ್ಪಿಂಡಲ್ (ಚಕ್ ಕೂರುವ, ಹೆಡ್ ಸ್ಟಾಕಿನಲ್ಲಿ ತಿರುಗುವ ಶಾಫ್ಟ್) ತೂತಿನೊಳಗೆ ಒಂದು ಮೀಟರ್ ರಾಡು ತೂರಿಸಿ, ಚಕ್ ಹತ್ತಿರ ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಗಡಿಯಾರ) ಇಟ್ಟು ರಾಡನ್ನು ಮೇಲೆ ಎತ್ತಿದರೆ 0.19 ಮಿಮೀ ಆಟ, ಅಂದರೆ ಸಡಿಲ. ಹತಾರವನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಹ್ಯಾಂಡಲ್ಲಿನಲ್ಲಿ 1.2 ಮಿಮೀ ಖಾಲಿ ತಿರುಗು. ಬೆಡ್ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು ಸಂದಿಗೆ ಫೀಲರ್ (ಅಳತೆಯ ತೆಳು ತಗಡು) ಹಾಕಿದರೆ ಚಕ್ ಕಡೆಯ ಮೊದಲ ಒಂದು ಅಡಿಯಲ್ಲಿ 0.12 ಮಿಮೀ ತಗ್ಗು, ಟೇಲ್ ಸ್ಟಾಕ್ ಕಡೆ ಹೊಸದರ ಹಾಗೇ ಇತ್ತು. ಇದು ಎಲ್ಲಾ ಹಳೇ ಲೇತಿನ ಕಥೆ. ಕೆಲಸವೆಲ್ಲ ಚಕ್ ಹತ್ತಿರವೇ ನಡೆಯುತ್ತೆ, ಸವೆತವೂ ಅಲ್ಲೇ.

ಹೆಡ್ ಸ್ಟಾಕ್ ಮೇಲೆ ಎರಡು ಎಣ್ಣೆ ತೂತು. ಅದರೊಳಗೆ ಸೈಕಲ್ ಸ್ಪೋಕ್ ಬಗ್ಗಿಸಿ ತೂರಿಸಿದೆ, ಅರ್ಧ ಇಂಚಿಗೇ ನಿಂತಿತು. ಸ್ಪೋಕಿನ ತುದಿಗೆ ಸಣ್ಣ ಕೊಕ್ಕೆ ಮಾಡಿ ಮೆಲ್ಲಗೆ ಎಳೆದರೆ ಹೊರಗೆ ಬಂದಿದ್ದು ಹತ್ತಿ. ಕರಿ ಗ್ರೀಸಿನಲ್ಲಿ ನೆನೆದು, ಒಣಗಿ, ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು. ಒಳಗಿನ ತುದಿಯಲ್ಲಿ ಇನ್ನೂ ಬಿಳಿ ಎಳೆ ಕಾಣುತ್ತಿತ್ತು. ಜಿನ್ನಿಂಗ್ ಫ್ಯಾಕ್ಟರಿ ಗಾಳಿಯಲ್ಲಿ ಅರಳೆ ಹಾರ್ತಾನೇ ಇರುತ್ತೆ. ಎಣ್ಣೆ ಹಾಕೋ ಜಾಗಕ್ಕೆ ಯಾರೋ ಗ್ರೀಸ್ ಒತ್ತಿದ್ದಾರೆ, ಅದಕ್ಕೆ ಅರಳೆ ಅಂಟಿದೆ, ಅದರ ಮೇಲೆ ಮತ್ತೆ ಗ್ರೀಸು. ಎಷ್ಟು ವರ್ಷ ಸ್ಪಿಂಡಲ್ ಕೂರುವ ಆ ಬುಶ್ (ಬೇರಿಂಗ್ ಕೊಳವೆ) ಎಣ್ಣೆ ಕಾಣದೆ ತಿರುಗಿದೆಯೋ. ಆಟ 0.19 ಯಾಕೆ ಬಂತು ಅಂತ ಅಲ್ಲೇ ಗೊತ್ತಾಯಿತು.

ಮೇ 12: ಮೊದಲ ದೊಡ್ಡ ತಪ್ಪು

ಚಕ್ ಬಿಚ್ಚಬೇಕಿತ್ತು. ಇದು ಸ್ಪಿಂಡಲ್ ಮೂತಿಗೆ ಮರೆ (ಥ್ರೆಡ್) ತಿರುಗಿಸಿ ಕೂರಿಸುವ ಚಕ್. ಸ್ಪಿಂಡಲ್ ತಿರುಗದ ಹಾಗೆ ಹಿಡಿಯಲು ಸುಲಭದ ದಾರಿ ಕಂಡಿತು: ಬುಲ್ ಗೇರಿನ (ಸ್ಪಿಂಡಲ್ ಮೇಲಿನ ದೊಡ್ಡ ಗೇರಿನ) ಪಿನ್ನನ್ನು ಒಳಗೆ ಬಿಟ್ಟು ಬ್ಯಾಕ್ ಗೇರನ್ನೂ ಸೇರಿಸಿದರೆ ಎಲ್ಲಾ ಲಾಕ್ ಆಗುತ್ತೆ. ಸೇರಿಸಿದೆ. ಚಕ್ ದವಡೆಗೆ ಮೂರು ಅಡಿ ಪೈಪ್ ಸಿಕ್ಕಿಸಿ ಎಳೆದೆ, ಬರಲಿಲ್ಲ. ಸುತ್ತಿಗೆಯಿಂದ ಪೈಪಿಗೆ ಒಂದು ಏಟು ಹಾಕಿದೆ. ಇನ್ನೊಂದು ಹಾಕಿದೆ. ಟಕ್ ಅಂತ ಸದ್ದು ಬಂತು, ಚಕ್ ಸಡಿಲಾಯಿತು ಅಂದುಕೊಂಡೆ. ಕೆಳಗೆ ಟ್ರೇಯಲ್ಲಿ ನೋಡಿದರೆ ಬ್ಯಾಕ್ ಗೇರಿನ ಎರಡು ಹಲ್ಲು ಬಿದ್ದಿದ್ದವು.

ಬೀಡು ಕಬ್ಬಿಣದ ಹಲ್ಲು ಒತ್ತಡ ತಡೆಯುತ್ತೆ, ಏಟು ತಡೆಯಲ್ಲ. ಅಷ್ಟು ವರ್ಷ ದುಡಿದರೂ ಒಂದು ಹಲ್ಲೂ ಕಳೆದುಕೊಳ್ಳದ ಗೇರನ್ನು ನಾನು ಅರ್ಧ ನಿಮಿಷದಲ್ಲಿ ಮುರಿದೆ. ಆ ದಿನ ಶೆಡ್ ಮುಚ್ಚಿ ಮನೆಗೆ ಹೋದೆ, ಮತ್ತೆ ಕೆಲವು ದಿನ ಆ ಕಡೆ ಹೋಗಲಿಲ್ಲ.

ನಮ್ಮ ಓಣಿಯಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಕಾಕಾ ಅಂತೀವಿ. ಅವರು ಬಂದು ನೋಡಿ, ಬೈಯಲಿಲ್ಲ, ಸುಮ್ನೆ ಮುರಿದ ಹಲ್ಲನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಚಕ್ ಬಿಚ್ಚುವ ಸರಿಯಾದ ದಾರಿ ತೋರಿಸಿದರು.

ಮೇ 19

ಮೂರು ದಿನ ಮುಂಚಿನಿಂದ ಚಕ್ ಹಿಂದಿನ ಸಂದಿಗೆ ಅಸಿಟೋನ್ ಮತ್ತು ಗೇರ್ ಆಯಿಲ್ ಅರ್ಧ ಅರ್ಧ ಬೆರೆಸಿ ಬಿಡುತ್ತಿದ್ದೆ. ಬ್ಯಾಕ್ ಗೇರ್ ಪೂರ್ತಿ ದೂರ ಸರಿಸಿದೆವು. ಬೆಡ್ಡಿನ ಹಿಂಬದಿಯಲ್ಲಿ ಒಂದು ಬಾಬಳಿ ಕಟ್ಟಿಗೆ ತುಂಡು ನಿಲ್ಲಿಸಿ, ಚಕ್ಕಿನ ಒಂದು ದವಡೆ ಅದರ ಮೇಲೆ ಕೂರುವ ಹಾಗೆ ಮಾಡಿದೆವು. ಬ್ಯಾಕ್ ಪ್ಲೇಟನ್ನು ಬ್ಲೋ ಲ್ಯಾಂಪಿನಲ್ಲಿ ಕೈಗೆ ಸುಡುವಷ್ಟು ಮಾತ್ರ ಬಿಸಿ ಮಾಡಿದೆವು. ಆಮೇಲೆ ಹಳೇ ಬೆಲ್ಟನ್ನು ಕೋನ್ ಪುಲ್ಲಿಗೆ ಎರಡು ಸುತ್ತು ಸುತ್ತಿ, ಹಾರೆ ಸಿಕ್ಕಿಸಿ, ಸ್ಪಿಂಡಲ್ಲನ್ನು ಉಲ್ಟಾ ಎಳೆದೆವು. ನಾಲ್ಕನೇ ಎಳೆತಕ್ಕೆ ಬಿಟ್ಟಿತು. ಸುತ್ತಿಗೆ ಬೇಕಾಗಲೇ ಇಲ್ಲ.

ಮೇ 26ರಿಂದ ಜೂನ್ 16: ಗೇರ್ ಹಲ್ಲು, ತುಕ್ಕು

ಮುರಿದ ಹಲ್ಲಿನ ಜಾಗವನ್ನು ಅರದಿಂದ ಸಮ ಮಾಡಿ, ಒಂದೊಂದು ಹಲ್ಲಿಗೆ ಎರಡೆರಡು ತೂತು ಹೊಡೆದು 5 ಮಿಮೀ ಸ್ಟಡ್ ಕೂರಿಸಿದೆ. ಮೇಲೆ ಹಿತ್ತಾಳೆ ಬ್ರೇಜಿಂಗ್ ಮಾಡಿಸಬೇಕು. ಮೊದಲು ಹೋದ ಕಡೆ ಇಲೆಕ್ಟ್ರಿಕ್ ವೆಲ್ಡಿಂಗ್ ಮಾಡಿಕೊಡ್ತೀನಿ ಅಂದರು, ಬೇಡ ಅಂತ ವಾಪಸ್ ತಂದೆ. ಬಿಸಿ ಮಾಡದೆ ಬೀಡಿಗೆ ಮಾಮೂಲಿ ರಾಡು ಹಾಕಿದರೆ ಪಕ್ಕದಲ್ಲಿ ಬಿರುಕು ಬಿಡುತ್ತೆ. ಗೋಕುಲ ರಸ್ತೆ ಕಡೆ ಗ್ಯಾಸ್ ಬ್ರೇಜಿಂಗ್ ಮಾಡುವವರು ಸಿಕ್ಕರು. ಇದ್ದಲಿನ ಮೇಲೆ ಇಡೀ ಗೇರನ್ನು ನಿಧಾನ ಬಿಸಿ ಮಾಡಿ, ಹಿತ್ತಾಳೆ ತುಂಬಿ, ಬೂದಿಯೊಳಗೆ ಹೂತಿಟ್ಟು, ಮರುದಿನ ತಗೊಂಡು ಹೋಗು ಅಂದರು. 900 ರೂಪಾಯಿ. ಪಕ್ಕದ ಒಳ್ಳೇ ಹಲ್ಲಿಗೆ ತಗಡಿನ ಅಚ್ಚು ಕತ್ತರಿಸಿಕೊಂಡು ಎರಡು ಸಂಜೆ ಕೂತು ಅರದಿಂದ ಹಲ್ಲು ತೀಡಿದೆ. ಮೊದಲು ಸುತ್ತಿಗೊಮ್ಮೆ ಟಕ್ ಅನ್ನುತ್ತಿತ್ತು. ನೀಲಿ (ಗುರುತಿನ ಬಣ್ಣ) ಹಚ್ಚಿ ತಾಗುವ ಜಾಗ ನೋಡಿ ಮತ್ತೆ ತೀಡಿದ ಮೇಲೆ ಸದ್ದು ಹೋಯಿತು.

ಸಣ್ಣ ಭಾಗಗಳ ತುಕ್ಕಿಗೆ 20 ಲೀಟರ್ ಪ್ಲಾಸ್ಟಿಕ್ ಬಕೆಟ್, ಐದು ದೊಡ್ಡ ಚಮಚ ಬಟ್ಟೆ ಸೋಡಾ, ಹಳೇ 12 ವೋಲ್ಟ್ ಬ್ಯಾಟರಿ ಚಾರ್ಜರ್. ತುಕ್ಕಿನ ಭಾಗಕ್ಕೆ ಮೈನಸ್, ಕಳೆದುಕೊಳ್ಳಲು ಇಟ್ಟ ಕಬ್ಬಿಣದ ಸರಳಿಗೆ ಪ್ಲಸ್. ಉಲ್ಟಾ ಕೊಟ್ಟರೆ ಗೇರೇ ಕರಗುತ್ತೆ. ಸರಳಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ನೀರಿಗೆ ಕ್ರೋಮಿಯಂ ವಿಷ ಇಳಿಯುತ್ತೆ. ಬಯಲಲ್ಲಿ ಇಟ್ಟು ಮಾಡಿ, ಬರುವ ಗುಳ್ಳೆ ಹೈಡ್ರೋಜನ್, ಕಿಡಿ ತಾಗಬಾರದು. ಒಂದು ರಾತ್ರಿಗೆ ತುಕ್ಕು ಕರಿ ಮಸಿಯಾಗಿ ಬ್ರಶ್ಶಿಗೇ ಬರುತ್ತೆ. ಆದರೆ ಮಳೆ ಶುರುವಾಗಿತ್ತು. ಮೊದಲ ಸಲ ತೊಳೆದು ಒಣಗಲಿ ಅಂತ ಬಿಟ್ಟ ಆರು ಗೇರೂ ಚಹಾ ಕುಡಿದು ಬರುವಷ್ಟರಲ್ಲಿ ಕೇಸರಿ ಬಣ್ಣಕ್ಕೆ ತಿರುಗಿದ್ದವು. ಆಮೇಲಿಂದ ತೊಳೆದ ತಕ್ಷಣ ಹೇರ್ ಡ್ರೈಯರ್, ತಕ್ಷಣ ಎಣ್ಣೆ.

ದೊಡ್ಡ ಭಾಗಕ್ಕೆಲ್ಲ ಡೀಸೆಲ್, ಥಿನ್ನರ್, ತಂತಿ ಬ್ರಶ್. ಎಲ್ಲಾ ಸೇರಿ 1,150. ಹೆಡ್ ಸ್ಟಾಕ್ ಮುಂದೆ ಬಣ್ಣದ ಪದರದ ಕೆಳಗೆ ಒಂದು ಹಿತ್ತಾಳೆ ಪಟ್ಟಿ ಸಿಕ್ಕಿತು. ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿದರೆ ಅಕ್ಷರ ಎದ್ದವು. ಮಾಡಿದವರ ಹೆಸರು ಪೂರ್ತಿ ಸವೆದಿದೆ, ಊರು ಮಾತ್ರ ಉಳಿದಿದೆ: ಬಟಾಲಾ. ಪಂಜಾಬಿನ ಆ ಊರು ಎರಕಕ್ಕೂ ಲೇತಿಗೂ ಹೆಸರಾದದ್ದು. ಅಲ್ಲಿಂದ ಗದಗಿಗೆ ಬಂದ ಮಶೀನು ಇದು. ಪಟ್ಟಿಯನ್ನು ಅದೇ ಜಾಗಕ್ಕೆ ವಾಪಸ್ ಹಾಕಿದ್ದೇನೆ.

ಬೆಡ್ ವಿಷಯದಲ್ಲಿ ಒಂದು ಮಾತು. ಟೇಲ್ ಸ್ಟಾಕ್ ಕಡೆ ಒಂದು ಅಡಿ ಜಾಗವನ್ನು ನಾನು 120 ನಂಬರ್ ಎಮರಿ ಪೇಪರಿನಲ್ಲಿ ಉಜ್ಜಿದೆ, ಹೊಳೆಯುತ್ತೆ ಅಂತ. ಕಾಕಾ ಕೈ ಹಿಡಿದು ನಿಲ್ಲಿಸಿದರು. ಎಮರಿ ಪುಡಿ ಬೀಡಿನ ಸೂಕ್ಷ್ಮ ರಂಧ್ರದಲ್ಲಿ ಕೂತರೆ ಸ್ಯಾಡಲ್ ಓಡಾಡಿದಾಗಲೆಲ್ಲ ಅರೆಯುತ್ತೆ. ಉಳಿದ ಬೆಡ್ಡನ್ನು ಡೀಸೆಲ್ ಹಚ್ಚಿ, ಹಳೇ ಬ್ಲೇಡ್ ಮಲಗಿಸಿ ಕೆರೆದು, ಪಾತ್ರೆ ತಿಕ್ಕುವ ಹಸಿರು ಪ್ಯಾಡಿನಲ್ಲಿ ಮುಗಿಸಿದೆ. ಕಲೆ ಉಳಿದಿದೆ. ಉಳಿಯಲಿ, ಕಲೆಯಿಂದ ಅಳತೆ ಕೆಡಲ್ಲ.

ಜೂನ್ 30: ಎರಡನೇ ದೊಡ್ಡ ತಪ್ಪು

ಸ್ಪಿಂಡಲ್ ಕೂತಿರುವುದು ಗನ್ ಮೆಟಲ್ (ಒಂದು ಬಗೆಯ ಕಂಚು) ಬುಶ್ಶಿನಲ್ಲಿ. ಮುಂದಿನ ಬುಶ್ 45 ಮಿಮೀ, ಎರಡು ಹೋಳು, ನಡುವೆ ತೆಳು ಹಿತ್ತಾಳೆ ಶಿಮ್ (ಸಂದಿ ತುಂಬುವ ತಗಡು), ಮೇಲೆ ಕ್ಯಾಪು. ಸವೆದಾಗ ಶಿಮ್ ತೆಗೆದು ಕ್ಯಾಪ್ ಬಿಗಿದರೆ ಆಟ ಕಡಿಮೆಯಾಗುತ್ತೆ ಅಂತ ಓದಿದ್ದೆ. ಲೆಕ್ಕ ಹಾಕಿದೆ: ಆಟ 0.19, ಬೇಕಿರುವುದು 0.04, ಎರಡೂ ಕಡೆಯಿಂದ 0.15 ಮಿಮೀ ಶಿಮ್ ತೆಗೆದೆ. ಕೈಯಿಂದ ತಿರುಗಿಸಿದರೆ ಸ್ವಲ್ಪ ಬಿಗಿ ಅನಿಸಿತು, ಓಡಿದರೆ ಸರಿಹೋಗುತ್ತೆ ಅಂದುಕೊಂಡೆ.

ಆ ಹೊತ್ತಿಗೆ 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಹಳೇದೊಂದು 3,800ಕ್ಕೆ ಸಿಕ್ಕಿತ್ತು, ರಿವರ್ಸ್-ಫಾರ್ವರ್ಡ್ ಸ್ವಿಚ್ 650, ಎರಡು ಇಂಚಿನ ಕ್ಯಾನ್ವಾಸ್ ಬೆಲ್ಟು ಕ್ಲಿಪ್ ಸಮೇತ 850. ಮೋಟಾರ್ 1440 ಆರ್‌ಪಿಎಂ (ನಿಮಿಷಕ್ಕೆ ಸುತ್ತು), 3 ಇಂಚಿನ ಪುಲ್ಲಿಯಿಂದ 9 ಇಂಚಿಗೆ, ಅಂದರೆ ಮೋಟಾರಿಗೂ ಲೇತಿಗೂ ನಡುವಿನ ಕೌಂಟರ್ ಶಾಫ್ಟ್ 480. ಕೋನಿನ ನಡುವಿನ ಮೆಟ್ಟಿಲಲ್ಲಿ ಸ್ಪಿಂಡಲ್ಲೂ 480. ನಾನು ಆತುರಕ್ಕೆ ಬೆಲ್ಟನ್ನು ಎಲ್ಲಕ್ಕಿಂತ ಜೋರಿನ ಮೆಟ್ಟಿಲಿಗೆ ಹಾಕಿ ಓಡಿಸಿದೆ. ಇಷ್ಟು ದಿನ ಕಾದು ಮೊದಲ ಸಲ ತಿರುಗಿದ್ದಲ್ವಾ, ನೋಡ್ತಾ ನಿಂತುಬಿಟ್ಟೆ. ಹನ್ನೆರಡನೇ ನಿಮಿಷಕ್ಕೆ ಬೆಲ್ಟ್ ಜಾರುವ ಸದ್ದು, ಸುಟ್ಟ ಎಣ್ಣೆ ವಾಸನೆ. ಕ್ಯಾಪ್ ಮೇಲೆ ಕೈ ಇಡಲಾಗಲಿಲ್ಲ. ಸ್ವಿಚ್ ಆರಿಸಿದೆ, ಸ್ಪಿಂಡಲ್ ತಟ್ಟನೆ ನಿಂತಿತು, ಕೈಯಲ್ಲಿ ಅಲುಗಲಿಲ್ಲ. ಬೆಳಗ್ಗೆ ತಣ್ಣಗಾದ ಮೇಲೆ ಮಾತ್ರ ತಿರುಗಿತು.

ಬಿಚ್ಚಿ ನೋಡಿದರೆ ಬುಶ್ಶಿನ ಹೋಳು ಸೇರುವ ಅಂಚಿನುದ್ದಕ್ಕೂ ಹೊಳೆಯುವ ಪಟ್ಟಿ, ಗನ್ ಮೆಟಲ್ ಉಜ್ಜಿ ಸ್ಪಿಂಡಲ್ಲಿಗೆ ಹಳದಿಯಾಗಿ ಮೆತ್ತಿಕೊಂಡಿತ್ತು. ಬುಶ್ ತಳದಲ್ಲಿ ಮತ್ತು ಮೇಲೆ ಸವೆದು ಮೊಟ್ಟೆ ಆಕಾರವಾಗಿತ್ತು, ಪಕ್ಕಗಳು ಸವೆದೇ ಇರಲಿಲ್ಲ. ಶಿಮ್ ತೆಗೆದು ಒತ್ತಿದಾಗ ಆ ಪಕ್ಕಗಳೇ ಸ್ಪಿಂಡಲ್ಲನ್ನು ಇಕ್ಕಳದ ಹಾಗೆ ಹಿಡಿದಿವೆ. ಅಲ್ಲಿಗೆ ಎಣ್ಣೆ ಹೋಗಲು ಜಾಗವೇ ಇಲ್ಲ. ಮೊದಲು ದುಂಡಗೆ ಮಾಡಬೇಕು, ಆಮೇಲೆ ಶಿಮ್ ಮುಟ್ಟಬೇಕು. ನಾನು ಉಲ್ಟಾ ಮಾಡಿದ್ದೆ.

ಜುಲೈ 7ರಿಂದ ಆಗಸ್ಟ್ 11: ಕೆರೆಯುವುದು

ಸ್ಪಿಂಡಲ್ ಮೇಲೆ ಮೆತ್ತಿದ್ದನ್ನು 1000 ನಂಬರ್ ಪೇಪರು, ಎಣ್ಣೆ, ಮೇಲೆ ಹಗ್ಗ ಸುತ್ತಿ ಎಳೆದು ತೆಗೆದೆ. ಅದೃಷ್ಟಕ್ಕೆ ಉಕ್ಕಿಗೆ ಗೀರು ಬಿದ್ದಿರಲಿಲ್ಲ, ಬಿದ್ದಿದ್ದರೆ ಕಥೆ ಅಲ್ಲಿಗೆ ಮುಗೀತಿತ್ತು. ಹಳೇ ಮೂರು ಮೂಲೆ ಅರದ ಹಲ್ಲನ್ನು ಕಲ್ಲಿಗೆ ಹಿಡಿದು ತೆಗೆದು, ಕಾಕಾ ಒಂದು ಕೆರೆಯುವ ಚೂರಿ ಮಾಡಿಕೊಟ್ಟರು. ತೆಗೆದ ಶಿಮ್ಮೆಲ್ಲ ವಾಪಸ್ ಹಾಕಿದೆವು.

ಕೆಲಸ ಹೀಗೆ. ಸ್ಪಿಂಡಲ್ಲಿಗೆ ನೀಲಿ ಹಚ್ಚಬೇಕು, ಕಾಣಿಸಿಯೂ ಕಾಣಿಸದಷ್ಟು ತೆಳ್ಳಗೆ. ಬುಶ್ಶಿನಲ್ಲಿ ಕೂರಿಸಿ ಕ್ಯಾಪ್ ಬಿಗಿದು ಅರ್ಧ ಸುತ್ತು ತಿರುಗಿಸಿ ಎತ್ತಬೇಕು. ಬುಶ್ಶಿನಲ್ಲಿ ನೀಲಿ ಅಂಟಿದ ಕಡೆಯೆಲ್ಲ ಉಬ್ಬು. ಅದನ್ನು ಮಾತ್ರ ಚೂರಿಯಿಂದ ಕೆರೆದು, ಒರೆಸಿ, ಮತ್ತೆ ನೀಲಿ. ಮೊದಲ ದಿನ ಎರಡು ಅಂಚಿನಲ್ಲಿ ಉದ್ದ ಗೆರೆ ಬಿಟ್ಟರೆ ಬೇರೆ ಎಲ್ಲೂ ನೀಲಿ ಇಲ್ಲ. ಕೆರೆದ ಪುಡಿ ಅರಿಶಿನದ ಹಾಗೆ ಬೀಳುತ್ತೆ, ಒಂದು ಸಲಕ್ಕೆ ಚಿಟಿಕೆಯಷ್ಟೂ ಇರಲ್ಲ. ನನಗೆ ಆತುರ, ಜಾಸ್ತಿ ಒತ್ತಿ ಒಂದು ಕಡೆ ಗುಳಿ ಮಾಡಿದೆ. ಕಾಕಾ ಬ್ಯಾಟರಿ ಅಡ್ಡ ಹಿಡಿದು ಆ ಗುಳಿ ತೋರಿಸಿ, "ಇದು ಎಣ್ಣೆ ನಿಲ್ಲೋ ಜಾಗ ಆಗ್ತದ, ಬಿಡು, ಆದ್ರ ಇನ್ನೊಂದು ಮಾಡಬ್ಯಾಡ" ಅಂದರು.

ಹದಿನೇಳು ಸಲ ಕೂರಿಸಿ ಎತ್ತಿದೆ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಹನ್ನೊಂದನೇ ಸಲಕ್ಕೆ ತಳದಲ್ಲಿ ಮೊದಲ ನೀಲಿ ಚುಕ್ಕೆ ಬಂತು. ಹದಿನೇಳಕ್ಕೆ ತಳದಲ್ಲೆಲ್ಲ ಎಳ್ಳು ಚೆಲ್ಲಿದ ಹಾಗೆ ಚುಕ್ಕೆ. ಹೋಳು ಸೇರುವ ಅಂಚನ್ನು ಬೇಕೆಂದೇ ಇನ್ನಷ್ಟು ಕೆರೆದು ಎಣ್ಣೆಗೆ ಕೊಳ್ಳ ಬಿಟ್ಟೆವು. ಎಣ್ಣೆ ತೂತಿನಿಂದ ಆ ಕೊಳ್ಳಕ್ಕೆ ದಾರಿ ತೆರೆದಿದೆ ಅಂತ ಎಣ್ಣೆ ಬಿಟ್ಟು ನೋಡಿಕೊಂಡೆವು. ಆಮೇಲೆ ಒಂದೊಂದೇ ಶಿಮ್ ತೆಗೆದು, ಪ್ರತಿ ಸಲ ಗೇಜ್ ಇಟ್ಟು ನೋಡಿ, 0.05ಕ್ಕೆ ನಿಲ್ಲಿಸಿದೆವು. 0.04ಕ್ಕೆ ಹೋಗಬಹುದಿತ್ತು, ನನಗೆ ಧೈರ್ಯ ಸಾಲಲಿಲ್ಲ.

ಆಗಸ್ಟ್ 11ಕ್ಕೆ ಬ್ಯಾಕ್ ಗೇರಿನಲ್ಲಿ ಅರ್ಧ ಗಂಟೆ, ಆಮೇಲೆ 480ರಲ್ಲಿ ಒಂದು ಗಂಟೆ ಓಡಿಸಿದೆ. ಹತ್ತು ನಿಮಿಷಕ್ಕೊಮ್ಮೆ ಕ್ಯಾಪ್ ಮುಟ್ಟಿ ನೋಡ್ತಾ ಇದ್ದೆ. ಬೆಚ್ಚಗಾಯಿತು, ಸುಡಲಿಲ್ಲ. ಎಣ್ಣೆ 68 ನಂಬರ್ ಹೈಡ್ರಾಲಿಕ್, 5 ಲೀಟರ್ 1,150. ಎಣ್ಣೆ ತೂತಿಗೆ ಮುಚ್ಚಳದ ಕಪ್ಪು ಹಾಕಿದ್ದೇನೆ, ಇನ್ನು ಅರಳೆಯೂ ಬೇಡ, ಧೂಳೂ ಬೇಡ.

ಆಗಸ್ಟ್ 18ರಿಂದ ಸೆಪ್ಟೆಂಬರ್ 15

ಕ್ರಾಸ್ ಸ್ಲೈಡಿಗೆ ಹೊಸ ಗನ್ ಮೆಟಲ್ ನಟ್. ರಾಡು 1,050. ಒಳ ಮರೆ ಎಡಗೈ ಕಡೆಯದ್ದು, ಪರಿಚಯದ ಟರ್ನರ್ ಒಬ್ಬರು ಅವರ ಲೇತಿನಲ್ಲಿ ಹಾಕಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಆಟ 1.2ರಿಂದ 0.3ಕ್ಕೆ ಇಳಿಯಿತು. ಉಳಿದಿದ್ದು ಸ್ಕ್ರೂ ಸವೆತ.

ಬೋಲ್ಟುಗಳೆಲ್ಲ ಇಂಚಿನವು, ವಿಟ್‌ವರ್ತ್ (ಹಳೇ ಬ್ರಿಟಿಷ್ ಅಳತೆಯ) ಮರೆ. ಅರ್ಧ ಇಂಚಿನ ತೂತಿಗೆ 12 ಮಿಮೀ ಬೋಲ್ಟ್ ಎರಡು ಸುತ್ತು ಹೋಗುತ್ತೆ, ಮೂರನೇ ಸುತ್ತಿಗೆ ಮರೆ ಹರಿಯುತ್ತೆ. ಬಲವಂತ ಮಾಡಬೇಡಿ, ಹುಬ್ಬಳ್ಳಿ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂಚಿನ ಬೋಲ್ಟ್ ಈಗಲೂ ಸಿಗುತ್ತೆ. ಬೋಲ್ಟು, ಎಣ್ಣೆ ಕಪ್ಪು, ಚಿಲ್ಲರೆ ಎಲ್ಲಾ 900.

ಗೇರ್ ಡಬ್ಬಿಯಲ್ಲಿ 127 ಹಲ್ಲಿನದ್ದು ಇರಲಿಲ್ಲ. ಮರೆ ಕಡಿಯುವಾಗ ಸ್ಯಾಡಲ್ ಸರಿಸುವ ಲೀಡ್ ಸ್ಕ್ರೂ ಇಂಚಿಗೆ ನಾಲ್ಕು ಮರೆ, ಅಂದರೆ 6.35 ಮಿಮೀ. 2 ಮಿಮೀ ಮರೆ ಹಾಕಲು 40ಕ್ಕೆ 127 ಬೇಕೇ ಬೇಕು. 63 ಹಲ್ಲಿನ ಗೇರಿನಲ್ಲಿ ಹತ್ತಿರದ ಲೆಕ್ಕ ಬರುತ್ತೆ, ಗಿಡ್ಡ ನಟ್ಟಿಗೆ ನಡೆಯುತ್ತೆ, ಉದ್ದ ಸ್ಕ್ರೂಗೆ ನಡೆಯಲ್ಲ. 2,200 ಕೊಟ್ಟು 127 ಕತ್ತರಿಸಿಸಿಕೊಂಡೆ.

ಬಣ್ಣ: ರೆಡ್ ಆಕ್ಸೈಡ್ ಒಂದು ಕೈ, ಗ್ರೇ ಎರಡು ಕೈ, 1,400. ಬಣ್ಣದ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಸೆಪ್ಟೆಂಬರ್ 22ರಿಂದ ಅಕ್ಟೋಬರ್ 6

ಕಾಲಿನ ಕೆಳಗೆ ರಬ್ಬರ್ ಹಾಸಿ ನಿಲ್ಲಿಸಿದ್ದೆ, ತೆಗೆದೆ. ರಬ್ಬರ್ ಮೇಲೆ ಬೆಡ್ ತಿರುಚಿದರೆ ಗೊತ್ತೇ ಆಗಲ್ಲ. ಕಾಂಕ್ರೀಟಿಗೆ ನಾಲ್ಕು ಬೋಲ್ಟ್ ಹಾಕಿ, ಮೀಟರಿಗೆ 0.02 ಮಿಮೀ ಓರೆಯನ್ನೂ ತೋರಿಸುವ ಮಶೀನ್ ಲೆವೆಲ್ ಎರವಲು ತಂದು ಕೂರಿಸಿದೆ. ಬೆಡ್ ತಿರುಚಿದೆಯಾ ಅಂತ ನೋಡಲು 40 ಮಿಮೀ ರಾಡು ಚಕ್ಕಿನಿಂದ 150 ಮಿಮೀ ಹೊರಗೆ ಬಿಟ್ಟು, ಎರಡು ತುದಿಯಲ್ಲಿ ಉಂಗುರದ ಹಾಗೆ ಬಿಟ್ಟು, ಟೇಲ್ ಸ್ಟಾಕ್ ಆಸರೆ ಇಲ್ಲದೆ ಒಂದೇ ಸೆಟ್ಟಿಂಗಿನಲ್ಲಿ ಎರಡನ್ನೂ ತೆಳ್ಳಗೆ ಕಡಿದೆ. ಚಕ್ ಕಡೆ 38.00, ಹೊರ ತುದಿ 38.11. ಟೇಲ್ ಸ್ಟಾಕ್ ಕಡೆಯ ಮುಂದಿನ ಕಾಲಿಗೆ 0.3 ಮಿಮೀ ತಗಡು ಕೊಟ್ಟು ಮತ್ತೆ ಕಡಿದರೆ 38.05. ಇನ್ನೊಂದು ಸ್ವಲ್ಪ ಕೊಟ್ಟ ಮೇಲೆ ವ್ಯತ್ಯಾಸ 0.03ಕ್ಕೆ ಬಂತು. ಬೆಡ್ ತಗ್ಗು ಇರುವ ತನಕ ಇದಕ್ಕಿಂತ ಕೆಳಗೆ ಬರಲ್ಲ. ಗ್ರೈಂಡಿಂಗ್ ಮಾಡಿಸಲು ಕೇಳಿದ ದರ ಲೇತಿನ ಬೆಲೆಗಿಂತ ಜಾಸ್ತಿ. ನನಗೆ ಬೇಕಿರುವುದು ಪಂಪಿನ ಬುಶ್, ಪಿನ್ನು, ಸಣ್ಣ ಶಾಫ್ಟು. ಸದ್ಯಕ್ಕೆ ಇಷ್ಟು ಸಾಕು.

ಅಕ್ಟೋಬರ್ 11, ಖಂಡೆಪೂಜೆ

ಕಾಕಾನ್ನ ಕರೆಸಿ ಅವರ ಕೈಯಲ್ಲೇ ಕುಂಕುಮ ಹಚ್ಚಿಸಿದೆ. ಆವತ್ತು ಮಶೀನು ಓಡಿಸಲ್ಲ. ಅವರು ಬೆಲ್ಟನ್ನು ಕೈಯಿಂದ ಎರಡು ಸುತ್ತು ಎಳೆದು, ಕ್ಯಾಪಿನ ಹತ್ತಿರ ಕಿವಿ ಇಟ್ಟು ಕೇಳಿ, ತಲೆ ಆಡಿಸಿದರು. ಒಟ್ಟು ಖರ್ಚು 37,650, ನನ್ನ ಭಾನುವಾರಗಳನ್ನು ಬಿಟ್ಟು.

ಅಕ್ಟೋಬರ್ 13ಕ್ಕೆ ಮೊದಲ ಕೆಲಸ: ಬಾವಿ ಪಂಪಿನ ಒಂದು ಗನ್ ಮೆಟಲ್ ಬುಶ್, ಒಳಗೆ 25 ಮಿಮೀ. ಸರಿಯಾಗಿ ಕೂತಿತು. ಟೇಲ್ ಸ್ಟಾಕ್ ಸೆಂಟರ್ ಇನ್ನೂ 0.2 ಮಿಮೀ ಕೆಳಗಿದೆ, ಅದರ ತಳಕ್ಕೆ ತಗಡು ಕತ್ತರಿಸಿಟ್ಟಿದ್ದೇನೆ. ಮುಂದಿನ ಭಾನುವಾರ ಅದು.